ನಮ್ಮದೇ ಕಾರಿಗೆ ಕನ್ನ

ಕೀ ಒಳಗೇ ಉಳಿದು ಲಾಕ್ ಆದ ಕಾರಿನ ಸುತ್ತ ಸೇರುವ ಜನರನ್ನು ಗಮನಿಸಿದ್ದೀರಾ? ಯಾರೇ ಹೊಸದಾಗಿ ಬಂದರೂ ಮೊದಲು ಮಾಡುವ ಕೆಲಸ ಒಂದೇ, ಹ್ಯಾಂಡಲ್ ಹಿಡಿದು ಎಳೆಯುವುದು. "ಲಾಕ್ ಆಗಿದೆ ಸಾರ್" ಅಂತ ಓನರ್ ಹೇಳಿದರೂ ಎಳೆಯುತ್ತಾರೆ. ಹಿಂದಿನವರು ನಾಲ್ಕೂ ಬಾಗಿಲು ಎಳೆದು ಸೋತದ್ದನ್ನು ಕಣ್ಣಾರೆ ಕಂಡವರೂ ಎಳೆಯುತ್ತಾರೆ. ತಮ್ಮ ಕೈಗುಣದ ಮೇಲೆ ಅಷ್ಟು ನಂಬಿಕೆ. ಆಮೇಲೆ ಹಣೆಗೆ ಅಂಗೈ ಅಡ್ಡ ಹಿಡಿದು, ಗಾಜಿಗೆ ಮೂಗು ಒತ್ತಿ ಇಣುಕುತ್ತಾರೆ. ಕೀ ಅಲ್ಲೇ ನೇತಾಡುತ್ತಿರುತ್ತದೆ. ಗರ್ಭಗುಡಿಯ ದೇವರ ಹಾಗೆ, ಕಣ್ತುಂಬ ನೋಡಬಹುದು, ಮುಟ್ಟುವ ಹಾಗಿಲ್ಲ. "ಅಲ್ಲೇ ಇದೆಯಲ್ರೀ!" ಅನ್ನುತ್ತಾರೆ, ತಾವೇ ಕಂಡುಹಿಡಿದವರಂತೆ.

ಮುಂದಿನ ಪ್ರಶ್ನೆಯೂ ಗೊತ್ತಿದ್ದದ್ದೇ. "ಇನ್ನೊಂದು ಕೀ ಇಲ್ವಾ?" ಇಲ್ಲದೆ ಏನು. ಹೊಸ ಕಾರಿನ ಜೊತೆ ಎರಡು ಕೀ ಬಂದಿರುತ್ತವೆ. ಒಂದು, ಪೂಜೆ ಮಾಡಿಸಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ದಿನದಿಂದ ಬಳಕೆಯಲ್ಲಿರುತ್ತದೆ. ಇನ್ನೊಂದು ಬೀರುವಿನೊಳಗೆ, ಒಡವೆ ಡಬ್ಬಿಯ ಪಕ್ಕ, ಬಹಳ ಭದ್ರವಾಗಿರುತ್ತದೆ. ಕಾರು ನಿಂತಿರುವುದು ಅರಸೀಕೆರೆಯ ಮದುವೆ ಛತ್ರದ ಮುಂದೆ, ಬೀರು ಇರುವುದು ಬೆಂಗಳೂರಿನಲ್ಲಿ. ಕಾರು ಮನೆ ಮುಂದೆಯೇ ಇತ್ತು ಅನ್ನಿ, ಆಗಲೂ ಸುಖವಿಲ್ಲ. ಮನೆಯ ಕೀ ಕಾರಿನ ಕೀಗೊಂಚಲಲ್ಲೇ ಇರುತ್ತದಲ್ಲ!

ಇಂಥ ಹೊತ್ತಿನಲ್ಲಿ ಓನರ್ ಆದವನ ಮುಖ ನೋಡಬೇಕು. ಲಕ್ಷಗಟ್ಟಲೆ ಸುರಿದು ಕೊಂಡಿದ್ದಾನೆ, ಬ್ಯಾಂಕಿಗೆ ಕಂತು ಕಟ್ಟುತ್ತಿದ್ದಾನೆ. ಆದರೆ ಆ ಕಾರಿಗೆ ಇವನ ಗುರುತೇ ಇಲ್ಲ. ಅದಕ್ಕೆ ಗೊತ್ತಿರುವುದು ಕೀ ಒಂದೇ. ಕೀ ಕೈಲಿದ್ದವನು ಯಜಮಾನ, ಇಲ್ಲದವನು ದಾರಿಹೋಕ. ಇನ್ನು ಒಳಗೆ ಹೋಗಬೇಕೆಂದರೆ ಇವನೂ ಕಳ್ಳ ಹಿಡಿಯುವ ದಾರಿಯನ್ನೇ ಹಿಡಿಯಬೇಕು. ಅದೂ ಹಗಲಲ್ಲಿ, ಹತ್ತು ಜನರ ಎದುರು, ಅವರ ಸಲಹೆ ಕೇಳಿಕೊಂಡು.

ಹಿಂದೆ ಈ ಕನ್ನ ಸುಲಭವಿತ್ತು. ಅಂಬಾಸಿಡರ್ ಕಾರಿನ ಮುಂದಿನ ಬಾಗಿಲಲ್ಲಿ ಗಾಳಿಗೆಂದು ಒಂದು ಪುಟ್ಟ ಮೂರು ಮೂಲೆಯ ಗಾಜು ಇರುತ್ತಿತ್ತು. ಪ್ರೀಮಿಯರ್ ಪದ್ಮಿನಿಯಲ್ಲೂ ಇತ್ತು. ಅದರ ಚಿಲಕ ಸವೆದಿದ್ದರೆ, ಸವೆದೇ ಇರುತ್ತಿತ್ತು, ಹೊರಗಿನಿಂದ ಮೆಲ್ಲಗೆ ಅಲುಗಾಡಿಸಿ ತಿರುಗಿಸಿ ಕೈ ತೂರಿಸಬಹುದಿತ್ತು. ಸಣ್ಣ ಕೈಯ ಹುಡುಗನೊಬ್ಬ ಸಿಕ್ಕರೆ ಕೆಲಸ ಮುಗಿಯಿತು. ಅವತ್ತು ಅವನೇ ಹೀರೋ. ಅಂಬಾಸಿಡರ್ 1958ರಿಂದ 2014ರವರೆಗೆ ತಯಾರಾಯಿತು. ಅಷ್ಟು ವರ್ಷಗಳಲ್ಲಿ ಆ ಕಿಂಡಿಯಿಂದ ಎಷ್ಟು ಹುಡುಗರ ಕೈ ಒಳಗೆ ಹೋಗಿ ಬಂದಿದೆಯೋ. ಆಮೇಲೆ ಬಂದ ಕಾರುಗಳು ತಿರುಗುವ ಆ ಗಾಜನ್ನೇ ತೆಗೆದುಹಾಕಿದವು. ಎಸಿ ಬಂತು, ಗಾಳಿಕಿಂಡಿ ಯಾರಿಗೂ ಬೇಡವಾಯಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದು ಊರೂರಿಗೆ ಹಬ್ಬಿದ ಮೇಲೆ ಸ್ಕೇಲಿನ ಕಾಲ ಶುರುವಾಯಿತು. ಶಾಲೆ ಮಕ್ಕಳ ಒಂದಡಿ ಸ್ಟೀಲ್ ಸ್ಕೇಲು. ಕಿಟಕಿಯ ಗಾಜಿಗೂ ರಬ್ಬರ್ ಬೀಡಿಂಗಿಗೂ ನಡುವೆ ಅದನ್ನು ಇಳಿಸಿ, ಒಳಗಿನ ಸಲಾಕೆಗೆ ತಾಗುವವರೆಗೆ ತಡಕಾಡುವುದು. ಬಾಗಿಲ ಹೊಟ್ಟೆಯೊಳಗೆ ಹ್ಯಾಂಡಲಿನಿಂದ ಒಂದು, ಲಾಕ್ ಗುಂಡಿಯಿಂದ ಒಂದು ಅಂತ ತೆಳು ಕಂಬಿಗಳು ಹೋಗಿ ಬೀಗದ ಕೊಂಡಿಗೆ ಸೇರಿರುತ್ತವೆ. ಸರಿಯಾದ ಕಂಬಿ ಸ್ಕೇಲಿಗೆ ಸಿಕ್ಕಿದರೆ ಟಕ್ ಅಂತ ಗುಂಡಿ ಮೇಲೇಳುತ್ತದೆ. ಆ 'ಟಕ್' ಕೇಳಿದಾಗ ಸುತ್ತಲಿನವರು ಚಪ್ಪಾಳೆ ತಟ್ಟುವುದೂ ಉಂಟು. ಇನ್ನು ಕೆಲವರು ಪಾರ್ಸಲ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನು ಮಡಿಸಿ, ಬಾಗಿಲ ಮೂಲೆಯಿಂದ ತೂರಿಸಿ, ಗುಂಡಿಯ ಕುತ್ತಿಗೆಗೆ ಕುಣಿಕೆ ಹಾಕಿ ಎತ್ತುತ್ತಿದ್ದರು. ನೋಡಲು ಬಲು ಚೆಂದ. ಗುಂಡಿಯ ತಲೆ ದಪ್ಪಗಿದ್ದರೆ ಮಾತ್ರ ನಡೆಯುವ ಆಟ. ಕಂಪನಿಯವರಿಗೂ ಇದು ಗೊತ್ತಾಗಿ ಗುಂಡಿಗಳು ನಯವಾದವು, ಸಣ್ಣಗಾದವು, ಕೊನೆಗೆ ಒಳಗಿನ ಹಿಡಿಯ ಪಕ್ಕಕ್ಕೆ ಹೋಗಿ ಅಡಗಿಕೊಂಡವು.

ಹಳೆಯ ಬೀಗಗಳಿಗೆ ಇನ್ನೊಂದು ಔದಾರ್ಯವೂ ಇತ್ತು. ಕಾರಿನ ಬೀಗದೊಳಗೆ ಇರುವುದು ಸ್ಪ್ರಿಂಗಿನ ಮೇಲೆ ಕೂತ ತೆಳು ತಗಡುಗಳು. ಸರಿಯಾದ ಕೀ ಹಾಕಿದರೆ ಎಲ್ಲವೂ ಒಂದೇ ಮಟ್ಟಕ್ಕೆ ಬಂದು ಬೀಗ ತಿರುಗುತ್ತದೆ. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಕೀ ಸವೆಯುತ್ತದೆ, ತಗಡೂ ಸವೆಯುತ್ತದೆ. ಆಮೇಲೆ ಆ ಬೀಗಕ್ಕೆ ಸ್ವಂತ ಕೀ, ಪರರ ಕೀ ಎಂಬ ಭೇದ ಕಡಿಮೆ. ಹಳೇ ಕಾರಿನವರು ಆಫೀಸಿನ ಪಾರ್ಕಿಂಗಿನಲ್ಲಿ ಅದೇ ಬಣ್ಣದ ಬೇರೆಯವರ ಕಾರಿನ ಬಾಗಿಲು ತೆಗೆದು ಕೂತು, ಡ್ಯಾಶ್‌ಬೋರ್ಡಿನ ಮೇಲೆ ಬೇರೆ ದೇವರನ್ನು ಕಂಡು ಗಾಬರಿಯಾಗಿ ಇಳಿದ ಕತೆ ನೀವೂ ಕೇಳಿರುತ್ತೀರಿ. ಜೆಸಿಬಿಯವರಂತೂ ಸವೆಯುವವರೆಗೆ ಕಾಯುವುದೇ ಇಲ್ಲ. ಒಂದರ ಕೀ ಇನ್ನೊಂದಕ್ಕೆ ಹೊಸದಾಗಿದ್ದಾಗಲೇ ಆಗುತ್ತದೆ. ಕೆಲವು ಟ್ರ್ಯಾಕ್ಟರುಗಳದ್ದೂ ಹಾಗೇ. ಕೆಲಸದ ಗಾಡಿ ಕೀ ಇಲ್ಲ ಅಂತ ಹೊಲದಲ್ಲಿ ನಿಂತುಬಿಡಬಾರದು, ಅಲ್ವಾ?

ಕಾರು ತಯಾರಿಸುವವರು ನಮ್ಮ ಮರೆವಿನ ಬಗ್ಗೆ ಯೋಚಿಸಿಲ್ಲ ಅಂತಲ್ಲ. ಎಷ್ಟೋ ಕಾರುಗಳಲ್ಲಿ ಡ್ರೈವರ್ ಬಾಗಿಲ ಗುಂಡಿ ಒತ್ತಿ ಬಾಗಿಲು ಮುಚ್ಚಿದರೆ ಗುಂಡಿ ತಾನಾಗಿ ಮೇಲೆ ಹಾರುತ್ತಿತ್ತು. ಅಂದರೆ ಆ ಬಾಗಿಲಿಗೆ ಹೊರಗಿನಿಂದ ಕೀ ಹಾಕಿಯೇ ಲಾಕ್ ಮಾಡಬೇಕು. ಕೀ ಕೈಯಲ್ಲಿದ್ದರೆ ತಾನೇ ಹಾಕುವುದು? ಒಳ್ಳೆಯ ಉಪಾಯ. ಆದರೆ ಮನುಷ್ಯ ಬಿಡುತ್ತಾನೆಯೇ? ಹ್ಯಾಂಡಲ್ ಎತ್ತಿ ಹಿಡಿದು ಮುಚ್ಚಿದರೆ ಗುಂಡಿ ಹಾರುವುದಿಲ್ಲ ಅಂತ ಬೇಗನೆ ಕಂಡುಕೊಂಡ. ಕೀ ಹಾಕಿ ತಿರುಗಿಸುವ ಶ್ರಮ ಉಳಿಯಿತು. ಕೀ ಒಳಗೆ ಉಳಿಯಿತು.

ಈಗಿನ ಕಾರುಗಳು ಇನ್ನೂ ಜಾಣ. ಜೇಬಿನಲ್ಲಿ ಸ್ಮಾರ್ಟ್ ಕೀ ಇದ್ದರೆ ಸಾಕು, ಹ್ಯಾಂಡಲ್ ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಕೀ ಒಳಗಿದ್ದರೆ ಕುಂಯ್ ಕುಂಯ್ ಅಂತ ಅಳುತ್ತದೆ, ಲಾಕ್ ಆಗಲು ಒಪ್ಪುವುದಿಲ್ಲ. ಆದರೂ ಲಾಕ್ ಆಗುವ ದಾರಿಗಳಿವೆ. ಕೀಯೊಳಗಿನ ನಾಣ್ಯದಂಥ ಬ್ಯಾಟರಿ ಸೊರಗಿದ್ದರೆ ಒಳಗೆ ಕೀ ಇದೆಯೆಂದು ಕಾರಿಗೆ ತಿಳಿಯುವುದೇ ಇಲ್ಲ. ಡಿಕ್ಕಿಯಲ್ಲಿ ಸ್ಟೀಲ್ ಪಾತ್ರೆಗಳ ನಡುವೆ ಬಿದ್ದರೂ ಅಷ್ಟೇ, ಲೋಹ ರೇಡಿಯೋ ಅಲೆಯನ್ನು ತಡೆಯುತ್ತದೆ. ಬೀಗರ ಮನೆಯಿಂದ ಪಾತ್ರೆ ತುಂಬಿಕೊಂಡು ಬರುವವರು ಹುಷಾರಾಗಿರಬೇಕು. ರಿಮೋಟಿನ ಕಾರುಗಳಿಗೆ ಇನ್ನೊಂದು ಚಾಳಿ. ಅನ್‌ಲಾಕ್ ಒತ್ತಿ ಅರ್ಧ ನಿಮಿಷ ಯಾವ ಬಾಗಿಲೂ ತೆರೆಯದಿದ್ದರೆ ಅನೇಕ ಕಾರುಗಳು ತಾವೇ ಮತ್ತೆ ಲಾಕ್ ಮಾಡಿಕೊಳ್ಳುತ್ತವೆ. ಕೆಲವು ಮಾದರಿಗಳಲ್ಲಿ ಆ ನಡುವೆ ಡಿಕ್ಕಿ ಮಾತ್ರ ತೆಗೆದು, ಚೀಲದ ಜೊತೆ ಕೀಯನ್ನೂ ಇಟ್ಟು ಮುಚ್ಚಿದರೆ, ಕಾರು ತನ್ನ ಕರ್ತವ್ಯ ತಾನು ಮಾಡುತ್ತದೆ.

ಇಲ್ಲಿಗೆ ವಾಟ್ಸ್ಆ್ಯಪ್ ಪಂಡಿತರು ಬರುತ್ತಾರೆ. ಟೆನಿಸ್ ಚೆಂಡಿಗೆ ತೂತು ಮಾಡಿ, ಕೀ ಹಾಕುವ ರಂಧ್ರಕ್ಕೆ ಒತ್ತಿ, ಜೋರಾಗಿ ಅಮುಕಿದರೆ ಗಾಳಿಯ ರಭಸಕ್ಕೆ ಲಾಕ್ ತೆರೆಯುತ್ತದಂತೆ. ತೆರೆಯುವುದಿಲ್ಲ. ಬೀಗ ಗಾಳಿ ಬಿಗಿಯಾದ ಡಬ್ಬಿಯೇನಲ್ಲ, ಒತ್ತಿದ ಗಾಳಿ ಸಂದಿಗಳಲ್ಲಿ ಸೋರಿಹೋಗುತ್ತದೆ. ಇನ್ನೊಂದು, ಮನೆಗೆ ಫೋನ್ ಮಾಡಿ, ಅಲ್ಲಿ ಹೆಂಡತಿ ಫೋನಿನ ಮುಂದೆ ಸ್ಪೇರ್ ರಿಮೋಟ್ ಒತ್ತಬೇಕಂತೆ, ಇಲ್ಲಿ ಗಂಡ ತನ್ನ ಫೋನನ್ನು ಬಾಗಿಲಿಗೆ ಹಿಡಿಯಬೇಕಂತೆ. ರಿಮೋಟ್ ಕಳಿಸುವುದು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನ ರೇಡಿಯೋ ಅಲೆ, ಅಂದರೆ ಸೆಕೆಂಡಿಗೆ 43 ಕೋಟಿಗೂ ಜಾಸ್ತಿ ಕಂಪನ. ಫೋನ್ ಕರೆ ಸಾಗಿಸುವುದು ಮಾತಿನ ಸದ್ದನ್ನು, ಅದು ಕೆಲವು ಸಾವಿರ ಕಂಪನಗಳಿಗೇ ಮುಗಿಯಿತು. ಆದರೆ ತಮಾಷೆ ನೋಡಿ. ಈಗ ಸಿಮ್ ಇರುವ ಕಾರುಗಳು ಬಂದಿವೆ. ಮನೆಯಲ್ಲಿರುವ ಹೆಂಡತಿ ತನ್ನ ಮೊಬೈಲಿನ ಆ್ಯಪ್ ಒತ್ತಿದರೆ ಅರಸೀಕೆರೆಯಲ್ಲಿ ಬಾಗಿಲು ನಿಜವಾಗಿಯೂ ತೆರೆಯುತ್ತದೆ. ಸುಳ್ಳು ಸುದ್ದಿ ಬೇರೆ ದಾರಿಯಲ್ಲಿ ಬಂದು ನಿಜವಾಯಿತು. ಮಾಲಿನ ಮೂರನೇ ನೆಲಮಾಳಿಗೆಯಲ್ಲಿ ಕಾರು ನಿಂತಿದ್ದರೆ ಮಾತ್ರ ಕಷ್ಟ, ಅಲ್ಲಿ ಕಾರಿಗೂ ನೆಟ್‌ವರ್ಕ್ ಸಿಗುವುದಿಲ್ಲ.

ಕೀ ಮಾತ್ರ ಒಳಗಿದ್ದರೆ ಇದೆಲ್ಲ ನಗುವ ವಿಷಯ. ಮಗುವೂ ಒಳಗಿದ್ದರೆ ಅಲ್ಲ. ಮಗುವಿನ ಕೈಗೆ ಆಡಲು ಕೀ ಕೊಟ್ಟು ಬಾಗಿಲು ಮುಚ್ಚಿ, ಈಚೆ ಬದಿಗೆ ಬರುವಷ್ಟರಲ್ಲಿ ಅದು ಗುಂಡಿ ಒತ್ತಿರುತ್ತದೆ. ಆಗ ಸ್ಕೇಲು, ಮೆಕ್ಯಾನಿಕ್ ಅಂತ ಕಾಯಬಾರದು. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಅಳೆದು ನೋಡಿದಂತೆ, ಬಿಸಿಲಲ್ಲಿ ನಿಂತ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರಲ್ಲಿ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿರುತ್ತದೆ. ಹೊರಗೆ ಹದವಾದ ಹವೆ ಇದ್ದರೂ ಹೀಗೇ. 112ಕ್ಕೆ ಫೋನ್ ಮಾಡಬೇಕು, ಮಗು ಬಳಲಿದ್ದರೆ ಗಾಜು ಒಡೆಯಬೇಕು. ಮುಂದಿನ ದೊಡ್ಡ ಗಾಜನ್ನಲ್ಲ, ಅದು ಎರಡು ಪದರದ್ದು, ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಮಗುವಿನಿಂದ ದೂರವಿರುವ ಪಕ್ಕದ ಗಾಜು, ಅದರ ನಡುವಿಗಲ್ಲ, ಮೂಲೆಗೆ ಹೊಡೆಯಬೇಕು. ಅದು ಪುಡಿಪುಡಿ ಹರಳಾಗಿ ಉದುರುತ್ತದೆ. ಹೊಸ ಗಾಜಿನ ಬೆಲೆ ಎಷ್ಟು ಅಂತ ಆ ಹೊತ್ತಿನಲ್ಲಿ ಯಾರಾದರೂ ಕೇಳಿದರೆ ಅವರನ್ನು ದೂರ ಕಳಿಸಿ.

ಇನ್ನು ಡೂಪ್ಲಿಕೇಟ್ ಕೀ ಮಾಡುವವನ ಬಗ್ಗೆ ಹೇಳದಿದ್ದರೆ ಅಪಚಾರ. ಫುಟ್‌ಪಾತಿನಲ್ಲಿ ಛತ್ರಿ ಕೆಳಗೆ, ಆಳೆತ್ತರದ ತಗಡಿನ ಕೀಯ ಬೋರ್ಡು ನಿಲ್ಲಿಸಿಕೊಂಡು ಕೂತಿರುತ್ತಾನಲ್ಲ, ಅವನೇ. ಹಲ್ಲುಗಳಿಲ್ಲದ ಖಾಲಿ ಕೀಯೊಂದನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡುತ್ತಾನೆ. ಬೀಗಕ್ಕೆ ಹಾಕಿ ಮೆಲ್ಲಗೆ ತಿರುಗಿಸಿ ತೆಗೆಯುತ್ತಾನೆ. ಒಳಗಿನ ತಗಡುಗಳು ಒತ್ತಿದ ಕಡೆ ಮಸಿ ಹೋಗಿ ಚುಕ್ಕೆ ಬಿದ್ದಿರುತ್ತದೆ. ಅಷ್ಟನ್ನೇ ಅರದಿಂದ ಉಜ್ಜುತ್ತಾನೆ. ಮತ್ತೆ ಹೊಗೆ, ಮತ್ತೆ ಬೀಗ, ಮತ್ತೆ ಅರ. ಕಾಣದ ಬೀಗದ ಒಳಗನ್ನು ಮಸಿಯ ಚುಕ್ಕೆಗಳಲ್ಲಿ ಓದುತ್ತಾನೆ. ಬಾಯಲ್ಲಿ ಎಲೆ ಅಡಿಕೆ ಇರುವುದರಿಂದ ಮಾತು ಕಡಿಮೆ. ನೋಡುನೋಡುತ್ತಿದ್ದಂತೆ ಬೀಗ ತಿರುಗಿಬಿಡುತ್ತದೆ. ಇಂಥ ಕೆಲಸಕ್ಕೆ ನಾವು ಕೊಡುವುದು ಚೌಕಾಸಿ ಮಾಡಿದ ದುಡ್ಡು. ಅದೂ ಬಾಗಿಲು ತೆರೆಯುವ ಮುಂಚೆ ಒಂದು ರೇಟು, ತೆರೆದ ಮೇಲೆ ಇನ್ನೊಂದು.

ಹೊಸ ಕಾರುಗಳಿಗೆ ಬರುವವರ ಸಾಮಾನೇ ಬೇರೆ. ಬಾಗಿಲಲ್ಲಿ ವೈರುಗಳು, ಕೆಲವದರಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಇರುವುದರಿಂದ ಸ್ಕೇಲು ತೂರಿಸಿ ತಡಕಾಡುವ ಹಾಗಿಲ್ಲ. ಬಾಗಿಲ ಮೇಲಂಚಿಗೆ ಒಂದು ಚಪ್ಪಟೆ ಗಾಳಿಚೀಲ ತೂರಿಸಿ, ಪಂಪ್ ಹೊಡೆದು ಉಬ್ಬಿಸಿ, ಬೆರಳಗಲ ಸಂದಿ ಮಾಡಿ, ಉದ್ದ ಕಂಬಿಯಿಂದ ಒಳಗಿನ ಗುಂಡಿ ಒತ್ತುತ್ತಾರೆ. ಅವಸರದವರು ಜಾಸ್ತಿ ಉಬ್ಬಿಸಿದರೆ ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ. ಆಮೇಲೆ ಹೈವೇಯಲ್ಲಿ 80 ದಾಟಿದಾಗಲೆಲ್ಲ ಕಿವಿ ಪಕ್ಕ ಸುಯ್ ಅನ್ನುತ್ತಿರುತ್ತದೆ.

ಇವರಲ್ಲಿ ಒಳ್ಳೆಯವರು ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ಕೇಳುತ್ತಾರೆ. "ಗಾಡಿ ನಿಮ್ದೇನಾ?" ನ್ಯಾಯವಾದ ಪ್ರಶ್ನೆ. ಆದರೆ ಕೇಳಿಸಿಕೊಂಡವರಿಗೆ ಉರಿಯುತ್ತದೆ. ನನ್ನದೇ ಅಂತ ತೋರಿಸುವುದು ಹೇಗೆ? ಆರ್‌ಸಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಡಿಜಿಲಾಕರ್‌ನಲ್ಲಿರುವ ಆರ್‌ಸಿಯೂ ನಡೆಯುತ್ತದೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ಹೇಳಿದೆ, ಸರಿ. ಡಿಜಿಲಾಕರ್ ಇರುವುದು ಮೊಬೈಲಿನಲ್ಲಿ. ಮೊಬೈಲು ಇರುವುದು ಕೀ ಪಕ್ಕದಲ್ಲಿ, ಚಾರ್ಜಿಗೆ. ಕೊನೆಗೆ, "ಹಿಂದಿನ ಸೀಟಲ್ಲಿ ನೀಲಿ ಟವೆಲ್ ಇದೆ, ಅರ್ಧ ತಿಂದ ಚಕ್ಕುಲಿ ಪ್ಯಾಕೆಟ್ ಇದೆ ನೋಡಪ್ಪಾ" ಅಂತ ಗುರುತು ಹೇಳಬೇಕಾಗುತ್ತದೆ. ಅದನ್ನು ಗಾಜಿನಿಂದ ಇಣುಕಿ ಯಾರು ಬೇಕಾದರೂ ಹೇಳಬಹುದು ಅಂತ ಅವನಿಗೂ ಗೊತ್ತು, ಪಾಪ. ಬೆವರು ಒರೆಸಿಕೊಳ್ಳುವ ರೀತಿ ನೋಡಿ ನಂಬುತ್ತಾನೆ. ಕಳ್ಳರು ಇಷ್ಟು ಬೆವರುವುದಿಲ್ಲ.

ಬೇಡವೆಂದರೂ ಇನ್ನೊಂದು ಯೋಚನೆ ಹತ್ತುತ್ತದೆ. ಇವನು ಇಷ್ಟು ಬೇಗ ತೆಗೆದನಲ್ಲ, ಹಾಗಾದರೆ ಇಷ್ಟು ದಿನ ಇದನ್ನು ರಸ್ತೆಯಲ್ಲಿ ಯಾವ ಧೈರ್ಯದ ಮೇಲೆ ನಿಲ್ಲಿಸುತ್ತಿದ್ದೆವು? ತಡ ಮಾಡಿದರೆ ಬೈಯುತ್ತೇವೆ, ಬೇಗ ತೆಗೆದರೆ ಅನುಮಾನಿಸುತ್ತೇವೆ. ಅವನ ಕಸುಬೇ ಅಂಥದ್ದು. ಬಾಗಿಲು ತೆರೆದರೂ ಇಂದಿನ ಕಾರನ್ನು ಓಡಿಸಿಕೊಂಡು ಹೋಗುವುದು ಸುಲಭವಲ್ಲ ಅನ್ನುವುದು ಒಂದು ಸಮಾಧಾನ. ಅಸಲಿ ಕೀಯ ತಲೆಯಲ್ಲಿ ಒಂದು ಚಿಪ್ ಇರುತ್ತದೆ. ಅದರ ಗುರುತು ಸಿಗದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕಾರು ಕಳುವಾದರೆ ಇನ್ಶೂರೆನ್ಸಿನವರು ಎರಡೂ ಕೀ ತಂದುಕೊಡಿ ಅಂತ ಕೇಳುವುದೂ ಇದಕ್ಕೇ. ಒಂದನ್ನೇ ತೋರಿಸಿದರೆ ಹುಬ್ಬು ಮೇಲೇರುತ್ತದೆ. ಅಲ್ಲೂ ಅದೇ ಪ್ರಶ್ನೆ, ಸ್ವಲ್ಪ ನಾಜೂಕಾಗಿ.

ಈ ಚಿಪ್ಪಿನ ವಿಷಯದಲ್ಲಿ ಒಂದು ಉಪಕಾರವೂ ಇದೆ. ಚಿಪ್ ಇರುವ ಎರಡನೇ ಕೀ ಮಾಡಿಸಲು ಸಾವಿರಗಟ್ಟಲೆ ಬೇಕು. ಆದರೆ ಬರೀ ಬಾಗಿಲು ತೆಗೆಯಲು ಚಿಪ್ ಬೇಕಿಲ್ಲ. ಬಾಗಿಲಲ್ಲಿ ಕೀ ತೂತು ಇರುವ ಎಷ್ಟೋ ಕಾರುಗಳಿಗೆ ಬರೀ ಲೋಹದ ಡೂಪ್ಲಿಕೇಟ್ ಸಾಕು, ಅದು ಅಗ್ಗದಲ್ಲಿ ಆಗುತ್ತದೆ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಒಳಗಿನ ಕೀ ಕೈಗೆ ಸಿಗುತ್ತದೆ. ಅಷ್ಟೇ ತಾನೇ ಬೇಕಿರುವುದು? ಮಾಡಿಸಿದ್ದನ್ನು ಇಡುವುದೆಲ್ಲಿ ಅನ್ನುವುದೇ ಸಮಸ್ಯೆ. ಪರ್ಸಿನಲ್ಲಿಟ್ಟರೆ ಪರ್ಸೂ ಕಾರಿನಲ್ಲೇ ಉಳಿಯುತ್ತದೆ. ಬಂಪರ್ ಕೆಳಗೆ ಆಯಸ್ಕಾಂತದ ಡಬ್ಬಿಯಲ್ಲಿ ಅಂಟಿಸಿದರೆ, ಕಳ್ಳರೂ ಮೊದಲು ಅಲ್ಲೇ ಕೈ ಹಾಕುತ್ತಾರೆ. ಕೆಲವರು ಕಳೆದುಹೋಗದಿರಲಿ ಅಂತ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಡುತ್ತಾರೆ, ಅವರ ಬಗ್ಗೆ ಮಾತಾಡುವುದು ಬೇಡ. ಪಕ್ಕದ ಮನೆಯವರ ಹತ್ತಿರ ಕೊಟ್ಟಿಡುವುದೇ ಸರಿ ಅಂತ ನನ್ನ ಲೆಕ್ಕ. ಅವರು ಧರ್ಮಸ್ಥಳಕ್ಕೆ ಹೋಗದ ದಿನ ನೋಡಿಕೊಂಡು, ಮನೆ ಮುಂದೆಯೇ ನಿಲ್ಲಿಸಿ, ಕೀ ಒಳಗೆ ಬಿಡಬೇಕು, ಅಷ್ಟೇ.