ಗೋಣಿ ಸಮೇತ ತೂಕ

ನಮ್ಮ ಬದಿಯಡ್ಕ ಪೇಟೆಯಲ್ಲಿ ಅಡಿಕೆ ಮಾರಲು ಹೋದರೆ ಮೊದಲು ಗೋಣಿ ಸಮೇತ ತೂಗುತ್ತಾರೆ. ಆಮೇಲೆ ಗೋಣಿಯ ತೂಕ ಕಳೆಯುತ್ತಾರೆ. ಎಷ್ಟು ಕಳೆಯಬೇಕು ಎಂದು ಜಗಳ ಆಗಬಹುದು. ಕಳೆಯಬೇಕೋ ಬೇಡವೋ ಎಂದು ಈವರೆಗೆ ಯಾರೂ ಜಗಳ ಮಾಡಿದ್ದಿಲ್ಲ. "ಗೋಣಿಯೂ ಅಡಿಕೆಯೇ ಮಾರಾಯ್ರೇ" ಎಂದು ಯಾರಾದರೂ ಹಟ ಹಿಡಿದರೆ, ಕರೆದುಕೊಂಡು ಹೋಗಿ ಅಂತ ಮನೆಯವರಿಗೆ ಫೋನು ಹೋಗುತ್ತದೆ.

ದೇಶದ ಕಾನೂನಿಗೆ ಈ ತಾಪತ್ರಯ ಇಲ್ಲ. ಎಲ್‌ಎಸ್‌ಡಿ ಎಂಬ ಅಮಲಿನ ವಿಷಯ ಬಂದರೆ ಅದು ಗೋಣಿಯನ್ನೂ ಅಡಿಕೆ ಅಂತಲೇ ತೂಗುತ್ತದೆ. ಇಲ್ಲಿ ಗೋಣಿ ಎಂದರೆ ಕಾಗದ.

ಕಾಸರಗೋಡಿನಲ್ಲಿ ಪತ್ರಿಕೆ ಓದುವವರಿಗೆ 'ಸ್ಟಾಂಪ್' ಹೊಸದಲ್ಲ. ಬೆರಳಿನ ಉಗುರಿನಷ್ಟು ಅಗಲದ, ಬಣ್ಣದ ಚಿತ್ರ ಇರುವ ಕಾಗದದ ಚೂರು. ಅದರಲ್ಲಿ ಎಲ್‌ಎಸ್‌ಡಿ ಹೀರಿಸಿರುತ್ತಾರೆ. ನಾಲಿಗೆ ಮೇಲೆ ಇಟ್ಟರೆ ಮನುಷ್ಯ ಕುಳಿತಲ್ಲೇ ಬೇರೆ ಲೋಕಕ್ಕೆ ಹೋಗುತ್ತಾನೆ. ಕೆಲವರು ಅಲ್ಲಿಂದ ಹೆದರಿ ನಡುಗುತ್ತಾ ವಾಪಸು ಬರುತ್ತಾರೆ. ಮನಸ್ಸು ಮೊದಲೇ ಸ್ವಲ್ಪ ಅತ್ತಿತ್ತ ಇದ್ದವರಿಗೆ ಅದು ದೊಡ್ಡ ಅಪಾಯ. ಹಾಗಾಗಿ ಈ ಬರಹ ಸ್ಟಾಂಪಿನ ಪರ ವಕಾಲತ್ತು ಅಲ್ಲ. ಮದ್ದು ಕೆಟ್ಟದ್ದೇ ಇರಲಿ. ಆದರೆ ಕಾಗದ ಏನು ಪಾಪ ಮಾಡಿತ್ತು?

ಮದ್ದಿನ ಜಾತಕ ನೋಡಿದರೆ ವಿಷಯ ಸ್ವಲ್ಪ ತಿಳಿಯುತ್ತದೆ. ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎಂಬ ಬೂಸ್ಟು ಹಿಡಿಯುತ್ತದೆ. ಅದರಿಂದ ಔಷಧಿ ತೆಗೆಯುವ ಕೆಲಸ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸ್ಯಾಂಡೋಜ್ ಕಂಪನಿಯಲ್ಲಿ ನಡೆಯುತ್ತಿತ್ತು. 1938ರ ನವೆಂಬರಿನಲ್ಲಿ ಅಲ್ಲಿನ ಆಲ್ಬರ್ಟ್ ಹಾಫ್‌ಮನ್ ಎಂಬ ವಿಜ್ಞಾನಿ ಆ ಸಾಲಿನ 25ನೆಯ ಸರಕು ತಯಾರಿಸಿದರು. ಅದಕ್ಕೇ ಎಲ್‌ಎಸ್‌ಡಿ-25 ಎಂದು ಹೆಸರು. ಪ್ರಾಣಿಗಳಿಗೆ ಕೊಟ್ಟು ನೋಡಿದರು. ವಿಶೇಷ ಏನೂ ಕಾಣಲಿಲ್ಲ. ಐದು ವರ್ಷ ಮೂಲೆಗೆ ಬಿತ್ತು. ಹೆರಿಗೆ ಆದ ಮೇಲೆ ರಕ್ತ ನಿಲ್ಲಲು ಕೊಡುವ ಮೆಥರ್ಜಿನ್ ಕೂಡ ಅದೇ ಎರ್ಗಟ್ಟಿನ ವಂಶದ್ದು, ಅದೇ ಪ್ರಯೋಗಾಲಯದ್ದು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಹೆರಿಗೆ ವಾರ್ಡಿಗೆ ಹೋದ, ಇನ್ನೊಬ್ಬ ಜೈಲಿಗೆ.

1943ರ ಏಪ್ರಿಲಿನಲ್ಲಿ ಹಾಫ್‌ಮನ್ ಅದನ್ನು ಮತ್ತೆ ತಯಾರಿಸಿದರು. 16ರಂದು ಹೇಗೋ ಚೂರು ಮೈಗೆ ಸೇರಿ ತಲೆ ತಿರುಗಿತು. 19ರಂದು ಬೇಕೆಂದೇ ಕುಡಿದರು. ಎಷ್ಟು? 250 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ಇಷ್ಟು ಕಡಿಮೆಯಲ್ಲಿ ಏನಾದೀತು ಅಂದುಕೊಂಡಿದ್ದರು. ಯುದ್ಧದ ಕಾಲ, ಕಾರು ಓಡಿಸುವ ಹಾಗಿಲ್ಲ. ಸಹಾಯಕಿಯ ಜೊತೆ ಸೈಕಲಿನಲ್ಲಿ ಮನೆಗೆ ಹೊರಟರು. ದಾರಿ ಅಲೆಯಲೆಯಾಗಿ ಕಂಡಿತು. ಹಾಲು ತಂದುಕೊಟ್ಟ ನೆರೆಮನೆಯ ಹೆಂಗಸು ಮಾಟಗಾತಿಯ ಹಾಗೆ ಕಂಡಳು. ಡಾಕ್ಟರು ಬಂದು ನೋಡಿದರೆ ಕಣ್ಣಿನ ಪಾಪೆ ಅಗಲವಾದದ್ದು ಬಿಟ್ಟರೆ ಬೇರೇನೂ ಇಲ್ಲ. ಇಷ್ಟೆಲ್ಲಾ ಆದ ಮನುಷ್ಯ 2008ರವರೆಗೆ, 102 ವರ್ಷ ಬದುಕಿದರು. ಅದು ಬೇರೆ ಮಾತು.

1947ರಿಂದ ಕಂಪನಿ ಇದನ್ನು ಡೆಲಿಸಿಡ್ ಎಂಬ ಹೆಸರಿನಲ್ಲಿ ಮನೋವೈದ್ಯರಿಗೆ ಕೊಟ್ಟಿತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಒಂದು ರಹಸ್ಯ ಯೋಜನೆ ಶುರು ಮಾಡಿ, ಏನೂ ಅರಿಯದ ಜನರಿಗೆ ಗೊತ್ತಾಗದ ಹಾಗೆ ಕೊಟ್ಟು ನೋಡಿತು. ಸರ್ಕಾರ ಕದ್ದು ಕೊಟ್ಟಾಗ ಅದು ಸಂಶೋಧನೆ. ಅರುವತ್ತರ ದಶಕದಲ್ಲಿ ಉದ್ದ ಕೂದಲಿನ ಹುಡುಗರು ತಾವಾಗಿ ತೆಗೆದುಕೊಂಡಾಗ ಅದು ಅಪರಾಧ. 1966ರಲ್ಲಿ ಕ್ಯಾಲಿಫೋರ್ನಿಯಾ ನಿಷೇಧಿಸಿತು, 1968ರಲ್ಲಿ ಇಡೀ ಅಮೆರಿಕ. 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಅದರ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿ ಎಲ್‌ಎಸ್‌ಡಿಗೆ ಜಾಗ ಸಿಕ್ಕಿತು. ನಮ್ಮ ದೇಶದ ಎನ್‌ಡಿಪಿಎಸ್ ಎಂಬ ಅಮಲು ಪದಾರ್ಥಗಳ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ಕ್ಕೆ, ಮಕ್ಕಳ ದಿನಾಚರಣೆಯಂದು. ಈಗ ಅದೇ ಅಮೆರಿಕದ ಔಷಧ ಇಲಾಖೆ, ಅತಿಯಾದ ಆತಂಕದ ಕಾಯಿಲೆಗೆ ಎಲ್‌ಎಸ್‌ಡಿಯಿಂದ ಮಾಡಿದ ಮದ್ದಿಗೆ 2024ರಲ್ಲಿ ವಿಶೇಷ ಮಾನ್ಯತೆ ಕೊಟ್ಟು ಕುಳಿತಿದೆ. ನಾವು ಇನ್ನೂ ಕಾಗದ ತೂಗುತ್ತಾ ಇದ್ದೇವೆ.

ಎಲ್ಲಿಗೆ ಬಂದೆವು? ಹಾಂ, ತೂಕ.

2001ರಲ್ಲಿ ಸರ್ಕಾರಕ್ಕೆ ಒಂದು ಒಳ್ಳೆಯ ಬುದ್ಧಿ ಬಂತು. ಚೂರು ಇಟ್ಟುಕೊಂಡವನಿಗೂ ಚೀಲಗಟ್ಟಲೆ ಸಾಗಿಸುವವನಿಗೂ ಒಂದೇ ಶಿಕ್ಷೆ ಸರಿಯಲ್ಲ ಅಂತ. ಹಾಗಾಗಿ ಪ್ರತಿ ಅಮಲಿಗೂ ಎರಡು ಗೆರೆ ಎಳೆದರು: ಒಂದು 'ಸಣ್ಣ ಪ್ರಮಾಣ', ಇನ್ನೊಂದು 'ವಾಣಿಜ್ಯ ಪ್ರಮಾಣ'. ಗಾಂಜಾಕ್ಕೆ 1 ಕಿಲೋ ಮತ್ತು 20 ಕಿಲೋ. ಎಲ್‌ಎಸ್‌ಡಿಗೆ 0.002 ಗ್ರಾಂ ಮತ್ತು 0.1 ಗ್ರಾಂ. ಸಣ್ಣ ಪ್ರಮಾಣವಾದರೆ ಹೆಚ್ಚೆಂದರೆ ಒಂದು ವರ್ಷ ಜೈಲು, ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಎರಡು ಗೆರೆಗಳ ನಡುವೆ ಬಿದ್ದರೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣವಾದರೆ ಕಡಿಮೆ ಎಂದರೆ ಹತ್ತು ವರ್ಷ, ಜಾಸ್ತಿ ಎಂದರೆ ಇಪ್ಪತ್ತು. ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಜಾಮೀನು ಬೇಕಾದರೆ 37ನೆಯ ಸೆಕ್ಷನ್ ಬಾಗಿಲಿಗೆ ಅಡ್ಡ ನಿಂತಿರುತ್ತದೆ. ಇವನು ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಅಂತ ವಿಚಾರಣೆಗೆ ಮೊದಲೇ ಕೋರ್ಟಿಗೆ ಅನಿಸಬೇಕು. ಆಮೇಲೆ ಜಾಮೀನು.

ಇಷ್ಟರವರೆಗೆ ಲೆಕ್ಕ ಚೆಂದ ಇದೆ. ಈಗ ಸ್ಟಾಂಪನ್ನು ತಕ್ಕಡಿಗೆ ಹಾಕಿ.

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1991ರಲ್ಲಿ ತೀರ್ಮಾನವಾದ ಚಾಪ್ಮನ್ ಕೇಸಿನಲ್ಲಿ 1,000 ಸ್ಟಾಂಪಿನ ತೂಕ ಸಿಗುತ್ತದೆ. ಕಾಗದ ಸಮೇತ 5.7 ಗ್ರಾಂ. ಅದರಲ್ಲಿ ನಿಜವಾದ ಎಲ್‌ಎಸ್‌ಡಿ ಸುಮಾರು 50 ಮಿಲಿಗ್ರಾಂ. ಅಂದರೆ ಒಂದು ಸ್ಟಾಂಪಿನ ತೂಕ 5.7 ಮಿಲಿಗ್ರಾಂ, ಮದ್ದು ಮಾತ್ರ 0.05 ಮಿಲಿಗ್ರಾಂ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಕಾಗದ! ಇದೇ ತೂಕದ ಸ್ಟಾಂಪು ಮಂಜೇಶ್ವರದಲ್ಲಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನಮ್ಮ ಸಣ್ಣ ಪ್ರಮಾಣದ ಗೆರೆ 2 ಮಿಲಿಗ್ರಾಂ. ಮದ್ದು ಮಾತ್ರ ಲೆಕ್ಕ ಹಾಕಿದರೆ 40 ಸ್ಟಾಂಪು ಮುಟ್ಟುವವರೆಗೆ ಸಣ್ಣದು. ಕಾಗದ ಸೇರಿಸಿದರೆ ಒಂದು ಸ್ಟಾಂಪೂ ಸಣ್ಣದಲ್ಲ. ಮಧ್ಯಕ್ಕೆ ಕತ್ತರಿಸಿ ಅರ್ಧ ಇಟ್ಟುಕೊಂಡರೂ ಸಣ್ಣದಲ್ಲ. ಮೂರು ಚೂರು ಮಾಡಿ ಒಂದನ್ನು ಇಟ್ಟುಕೊಂಡರೆ ಅಂತೂ ಇಂತೂ ಗೆರೆಯ ಒಳಗೆ. ಸರ್ಕಾರ ಸಣ್ಣ ತಪ್ಪಿಗೆ ಒಂದು ಸಣ್ಣ ಬಾಗಿಲು ಇಟ್ಟಿದೆ. ಅದರೊಳಗೆ ಹೋಗಬೇಕಾದರೆ ಕತ್ತರಿ ಹಿಡಿದುಕೊಂಡು ಹೋಗಬೇಕು.

ವಾಣಿಜ್ಯದ ಗೆರೆಯ ಕಥೆ ಇನ್ನೂ ಸೊಗಸು. ಮದ್ದು ಮಾತ್ರವಾದರೆ 2,000 ಸ್ಟಾಂಪಿಗೆ ಅದು ಬರುತ್ತದೆ. ಕಾಗದ ಸೇರಿದರೆ 18 ಸ್ಟಾಂಪಿಗೆ. ಹಾಗಾಗಿ 18 ಸ್ಟಾಂಪು ಬ್ಯಾಗಿನಲ್ಲಿ ಇಟ್ಟುಕೊಂಡ ಕಾಲೇಜು ಹುಡುಗ ಕಾನೂನಿನ ಕಣ್ಣಿಗೆ ದೊಡ್ಡ ವ್ಯಾಪಾರಿ. ಅವನಿಗೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. 1,900 ಜನರಿಗೆ ಸಾಲುವಷ್ಟು ಶುದ್ಧ ಪುಡಿ ಸಣ್ಣ ಸೀಸೆಯಲ್ಲಿ ಇಟ್ಟುಕೊಂಡ ಸಾಹುಕಾರ ಸಿಕ್ಕಿಬಿದ್ದರೆ ತೂಕ 95 ಮಿಲಿಗ್ರಾಂ. ಅವನು ಇನ್ನೂ ವಾಣಿಜ್ಯಕ್ಕೆ ಏರಿಲ್ಲ. ಹತ್ತು ವರ್ಷ ಅವನಿಗೆ ಮೇಲಿನ ಮಿತಿ, ಹುಡುಗನಿಗೆ ಕೆಳಗಿನದ್ದು.

ಇದು ಯಾರೋ ನಿದ್ದೆಗಣ್ಣಿನಲ್ಲಿ ಮಾಡಿದ್ದಲ್ಲ. ಕೂತು ಯೋಚಿಸಿಯೇ ಮಾಡಿದ್ದು. 2008ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಒಳಗಿರುವ ಶುದ್ಧ ಅಮಲನ್ನು ಮಾತ್ರ ತೂಗಿ ಎಂದಿತ್ತು. ಮರುವರ್ಷ, 2009ರ ನವೆಂಬರಿನಲ್ಲಿ, ಸರ್ಕಾರ ಪಟ್ಟಿಗೆ ಒಂದು ಟಿಪ್ಪಣಿ ಸೇರಿಸಿತು: ಮಿಶ್ರಣವಾದರೆ ಇಡೀ ಮಿಶ್ರಣ, ದ್ರಾವಣವಾದರೆ ಇಡೀ ದ್ರಾವಣ. 2020ರ ಏಪ್ರಿಲಿನಲ್ಲಿ ಹೀರಾ ಸಿಂಗ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಮಾತೇ ಸರಿ ಎಂದು, ಹಳೆಯ ತೀರ್ಪನ್ನು ಬದಿಗೆ ಸರಿಸಿತು. ಸರಿ, ಕಾಗದ ಮಿಶ್ರಣವೋ ಅಲ್ಲವೋ? ಬಾಂಬೆ ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ, ಅದು ಬರೀ ಹೊರುವ ವಸ್ತು, ಬಿಟ್ಟುಬಿಡಿ ಎಂದರು. 2021ರಲ್ಲಿ ಅದೇ ಹೈಕೋರ್ಟಿನ ಇನ್ನೊಬ್ಬರು, ಕಾಗದವನ್ನೂ ನುಂಗುತ್ತಾರಲ್ಲ, ಆದ್ದರಿಂದ ತೂಗಿ ಎಂದರು. ಕಾರಣ ಕೇಳಿದರೆ ಹೌದಲ್ವಾ ಅನಿಸುತ್ತದೆ. ಹಾಗಾದರೆ ಉಗಿದರೆ?

ದ್ರಾವಣದ ಮಾತು ಬಂತಲ್ಲ, ಅದನ್ನೂ ಲೆಕ್ಕ ಹಾಕಿಬಿಡೋಣ. ಒಂದು ಲೀಟರ್ ನೀರಿನ ಬಾಟಲಿಗೆ ಒಂದು ತೊಟ್ಟು ಎಲ್‌ಎಸ್‌ಡಿ ಬಿತ್ತು. ಟಿಪ್ಪಣಿಯ ಅಕ್ಷರ ಹಿಡಿದು ಹೋದರೆ ತೂಕ 1,000 ಗ್ರಾಂ, ವಾಣಿಜ್ಯ ಪ್ರಮಾಣದ ಹತ್ತು ಸಾವಿರ ಪಟ್ಟು. ಬಾಯಾರಿಕೆಯ ಮನುಷ್ಯ ಅಂತರರಾಷ್ಟ್ರೀಯ ದಂಧೆಯ ದೊರೆಯಾಗಲು ಅರ್ಧ ನಿಮಿಷ ಸಾಕು.

ಅಮೆರಿಕದವರು ಈ ಹಾಸ್ಯವನ್ನು ನಮಗಿಂತ ಮೊದಲೇ ನೋಡಿದ್ದರು. ಚಾಪ್ಮನ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತದಿಂದ ಕಾಗದವನ್ನು ತೂಗಬೇಕು ಎಂದಿತು. ಅದಕ್ಕೂ ಮುಂಚೆ ಕೆಳಗಿನ ಕೋರ್ಟಿನಲ್ಲಿ ರಿಚರ್ಡ್ ಪೋಸ್ನರ್ ಎಂಬ ನ್ಯಾಯಾಧೀಶರು ಒಪ್ಪದೆ ಬೇರೆ ತೀರ್ಪು ಬರೆದಿದ್ದರು. ಸಕ್ಕರೆ ಕಟ್ಟಿಗೆ ತೊಟ್ಟಿಕ್ಕಿಸಿದ ಐದೇ ಡೋಸ್ ಮಾರಿದವನಿಗೆ ಕನಿಷ್ಠ ಹತ್ತು ವರ್ಷ, ಶುದ್ಧ ರೂಪದ 19,999 ಡೋಸ್ ಇಟ್ಟುಕೊಂಡವನಿಗೆ ಆ ಕನಿಷ್ಠವೇ ಇಲ್ಲ, ಇದೆಂಥ ಲೆಕ್ಕ ಅಂತ ಅವರ ಪ್ರಶ್ನೆ. 1993ರಲ್ಲಿ ಅಲ್ಲಿನ ಶಿಕ್ಷಾ ಆಯೋಗ ನಾಚಿಕೊಂಡು, ಒಂದು ಡೋಸಿಗೆ 0.4 ಮಿಲಿಗ್ರಾಂ ಅಂತ ಹಿಡಿಯಿರಿ, ಕಾಗದ ಬಿಡಿ ಎಂದು ತನ್ನ ನಿಯಮ ತಿದ್ದಿತು. ಅಲ್ಲಿನ ಸಂಸತ್ತು ಮಾಡಿದ ಕಾನೂನಿನಲ್ಲಿ ಮಾತ್ರ ಕಾಗದ ಹಾಗೇ ಉಳಿಯಿತು. ಕಾಗದ ಅಷ್ಟು ಸುಲಭದಲ್ಲಿ ಜಾಗ ಬಿಡುವುದಿಲ್ಲ. ತಾಲೂಕು ಆಫೀಸಿಗೆ ಹೋದವರಿಗೆ ಇದು ಗೊತ್ತು.

ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ. ಮಳೆ. ಸ್ಟಾಂಪಿನ ಕಾಗದ ಬೇಕೆಂದೇ ಆರಿಸಿದ ಹೀರುವ ಕಾಗದ, ಶಾಯಿ ಒತ್ತುವ ಜಾತಿಯದ್ದು. ಆಟಿ ತಿಂಗಳಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಬಟ್ಟೆಯಾಗುತ್ತದೆ. ಈಗ ಲೆಕ್ಕ ನೋಡಿ. ಒಬ್ಬನ ಹತ್ತಿರ 17 ಸ್ಟಾಂಪು ಇದೆ. ಮಾರ್ಚಿನ ಬಿಸಿಲಿನಲ್ಲಿ ತೂಕ 96.9 ಮಿಲಿಗ್ರಾಂ. ವಾಣಿಜ್ಯಕ್ಕೆ ಒಳಗೆ, ಬದುಕಿದ. ಅದೇ ಮನುಷ್ಯ ಜುಲೈಯಲ್ಲಿ ಸಿಕ್ಕಿಬಿದ್ದ, ಕಾಗದ ನೂರಕ್ಕೆ ನಾಲ್ಕು ಪಾಲು ತೇವ ಹೀರಿತು ಅಂತ ಇಟ್ಟುಕೊಳ್ಳಿ. 100 ಮಿಲಿಗ್ರಾಂ ದಾಟಿತು. ಮದ್ದು ಒಂದು ಕಣವೂ ಹೆಚ್ಚಾಗಲಿಲ್ಲ, ಶಿಕ್ಷೆ ಮಾತ್ರ ಹತ್ತು ವರ್ಷಕ್ಕೆ ಏರಿತು. ಮುಂಗಾರಿನ ಮೇಲೆ ಕೇಸು ಹಾಕಲು ಸಾಧ್ಯವೇ ಎಂದು ನೋಡಬೇಕು. ಪ್ರತಿ ವರ್ಷ ತಲಪಾಡಿಯ ಗಡಿಯನ್ನು ಯಾವ ಪರ್ಮಿಟ್ಟೂ ಇಲ್ಲದೆ ದಾಟುತ್ತದೆ.

ಇಲ್ಲಿನ ಅಬಕಾರಿಯವರಿಗೆ ಹೊದಿಕೆ ಬೇರೆ, ಸರಕು ಬೇರೆ ಎಂಬುದು ಗೊತ್ತಿಲ್ಲ ಎಂದಲ್ಲ. ಗಡಿಯಾಚೆಯಿಂದ ಬರುವ 180 ಮಿಲಿಯ ಮದ್ಯದ ಪ್ಯಾಕೆಟ್ ಹಿಡಿದರೆ ಮಹಜರಿನಲ್ಲಿ 180 ಮಿಲಿ ಅಂತಲೇ ಬರೆಯುತ್ತಾರೆ. ರಟ್ಟನ್ನು ಹಿಂಡಿ ಅಳೆದದ್ದು ನಾನು ಕೇಳಿಲ್ಲ. ಅದೇ ಚೆಕ್‌ಪೋಸ್ಟು, ಅದೇ ಮೇಜು, ಅದೇ ಪೆನ್ನು. ಮದ್ಯಕ್ಕೆ ಒಂದು ಗಣಿತ, ಸ್ಟಾಂಪಿಗೆ ಇನ್ನೊಂದು. ಪಾಪ, ಅವರ ತಪ್ಪಲ್ಲ. ಮೇಲಿನಿಂದ ಹಾಗೆ ಬಂದಿದೆ. ಹಿಡಿದದ್ದನ್ನು ಲ್ಯಾಬಿಗೆ ಕಳಿಸಿ ವರದಿಗೆ ಕಾಯುವುದು ಅವರ ಪಾಡು, ಅಷ್ಟು ದಿನ ಒಳಗೆ ಕೂರುವುದು ಸಿಕ್ಕಿಬಿದ್ದವನ ಪಾಡು.

ನಡುವೆ ಜಾಗೃತಿಯೂ ನಡೆಯುತ್ತದೆ. 2022ರ ನವೆಂಬರ್ 1ರಂದು ಕೇರಳದಾದ್ಯಂತ ಮಕ್ಕಳನ್ನು ನಿಲ್ಲಿಸಿ ಅಮಲಿನ ವಿರುದ್ಧ ಸರಪಳಿ ಕಟ್ಟಿದರು. ಅದೇ ದಿನ ಗಡಿಯಾಚೆ ರಾಜ್ಯೋತ್ಸವ. ನಮಗೆ 1956ರಲ್ಲಿ ಕೇರಳಕ್ಕೆ ಸೇರಿದ ನೆನಪು. ಕನ್ನಡ ಮಾಧ್ಯಮದ ಮಕ್ಕಳು ಇಂಥ ದಿನಗಳಲ್ಲಿ ಎಷ್ಟೋ ಸಲ ಮಲಯಾಳದ ಪ್ರತಿಜ್ಞೆಗೆ ತುಟಿ ಅಲ್ಲಾಡಿಸುತ್ತಾರೆ. ಯಾವುದನ್ನು ತ್ಯಜಿಸುತ್ತೇವೆ ಎಂದು ಗೊತ್ತಿಲ್ಲದಿದ್ದರೂ ತ್ಯಜಿಸಿ ಮನೆಗೆ ಬರುತ್ತಾರೆ. ಒಳ್ಳೆಯ ಮಕ್ಕಳು.

ಈ ಎಲ್ಲಕ್ಕೂ ಕಿರೀಟ ಇಟ್ಟ ಹಾಗೆ 2023ರಲ್ಲಿ ನಮ್ಮದೇ ರಾಜ್ಯದಲ್ಲಿ ಒಂದು ಕೇಸು ನಡೆಯಿತು. ಒಬ್ಬ ಮಹಿಳೆಯ ಬ್ಯಾಗಿನಲ್ಲಿ ಸ್ಟಾಂಪು ಸಿಕ್ಕಿತು ಎಂದು ಹಿಡಿದರು. ಆಕೆ 72 ದಿನ ಜೈಲಿನಲ್ಲಿ ಇದ್ದರು. ಆಮೇಲೆ ಲ್ಯಾಬಿನ ವರದಿ ಬಂತು: ಅದರಲ್ಲಿ ಎಲ್‌ಎಸ್‌ಡಿಯೇ ಇಲ್ಲ. ಹೈಕೋರ್ಟು ಕೇಸನ್ನೇ ರದ್ದು ಮಾಡಿತು.

ಈ ಲೆಕ್ಕ ತಲೆಗೆ ಹತ್ತದೆ, ವಿದ್ಯಾನಗರದ ಕೋರ್ಟಿನ ಹತ್ತಿರ ಪರಿಚಯದ ವಕೀಲರನ್ನು ಹಿಡಿದೆ.

"ವಕೀಲ್ರೇ, ಸ್ಟಾಂಪಿನಲ್ಲಿ ಮದ್ದು ಇಲ್ಲದಿದ್ದರೆ ತೂಕ ಎಷ್ಟು?"

"ಸೊನ್ನೆ."

"ಒಂದು ಕಣ ಇದ್ದರೆ?"

"ಕಾಗದದಷ್ಟು."

"ಹಾಗಾದರೆ ಆ 72 ದಿನ ತೂಗಿದ್ದು ಏನನ್ನು?"

ವಕೀಲರು ಕೋಟಿನ ಗುಂಡಿ ಹಾಕಿಕೊಂಡರು. "ನೋಡಿ ಮಾಸ್ಟ್ರೇ, ಇದು ಸುಮ್ನೆ ದಾರಿಯಲ್ಲಿ ನಿಂತು ಹೇಳುವ ವಿಷಯ ಅಲ್ಲ. ಒಂದು ವಕಾಲತ್ತು ತನ್ನಿ. ಸ್ಟಾಂಪ್ ಅಂಟಿಸಲು ಮರೀಬೇಡಿ."