ಲಾಕರ್‌ನಲ್ಲಿರುವ ಒಡವೆಗೆ ಮಿತಿ ಇಲ್ಲ: ಒಂದು ಸ್ಪಷ್ಟನೆ

'500 ಗ್ರಾಂಗಿಂತ ಜಾಸ್ತಿ ಚಿನ್ನ ಇದ್ದರೆ ಸರ್ಕಾರ ಕಿತ್ತುಕೊಳ್ಳುತ್ತದೆ' ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಮೂಲ ಸರಿಯಿದ್ದರೆ ಒಡವೆಗೆ ಮಿತಿಯೇ ಇಲ್ಲವೆಂದು ಆದಾಯ ತೆರಿಗೆ ಇಲಾಖೆಯನ್ನು ನಡೆಸುವ ಕೇಂದ್ರ ನೇರ ತೆರಿಗೆ ಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಅಜ್ಜಿಯಿಂದ ಬಂದ ಪತ್ತಾಕ್, ಜೋಮಾಲೆ, ಕೃಷಿ ಆದಾಯದಲ್ಲಿ ಕೊಂಡ ಬಳೆ ಎಲ್ಲವೂ ಇದರಲ್ಲಿ ಸೇರುತ್ತವೆ.

500ರ ಲೆಕ್ಕ ಬಂದಿದ್ದು ಇದೇ ಮಂಡಳಿ ತನ್ನ ಅಧಿಕಾರಿಗಳಿಗೆ ಕೊಟ್ಟ 1994ರ ಸೂಚನೆಯಿಂದ. ತೆರಿಗೆ ದಾಳಿ ನಡೆದಾಗ ಮದುವೆಯಾದ ಹೆಣ್ಣಿನ 500, ಮದುವೆಯಾಗದವಳ 250, ಗಂಡಸಿನ 100 ಗ್ರಾಂವರೆಗಿನ ಒಡವೆ ಜಪ್ತಿ ಮಾಡಬಾರದು ಎನ್ನುತ್ತದೆ ಅದು. ನಮ್ಮನ್ನು ಕಾಯುವ ಸೂಚನೆಯನ್ನೇ ತಿರುಚಿ ಹೆದರಿಸುವುದು ತಪ್ಪು, ಅಲ್ವಾ?

ಗಾಬರಿಯಲ್ಲಿ ಒಡವೆ ಮಾರಬೇಡಿ. ವಿಲ್, ಪಾಲುಪತ್ರ, ಹಳೇ ಬಿಲ್ ಜೋಪಾನವಾಗಿಡಿ. ಫೋನಿನಲ್ಲಿ ಲಾಕರ್ ವಿವರ ಕೇಳಿದರೆ ಕೊಡಬೇಡಿ. ಅಧಿಕಾರಿಗಳೇ ತಪಾಸಣೆಗೆ ಬಂದರೆ ಮೊದಲು ವಾರಂಟ್ ತೋರಿಸಲು ಕೇಳಿ, ಅದು ನಿಮ್ಮ ಹಕ್ಕು.