ಶಾಸಕರು ಬರುವವರೆಗೆ ವಾಗ್ಮಿಗಳು

ನವೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಇಬ್ಬರಿಗೆ ಪುರುಸೊತ್ತು ಇರುವುದಿಲ್ಲ. ಒಬ್ಬರು ಶಾಮಿಯಾನದವರು, ಇನ್ನೊಬ್ಬರು ಖ್ಯಾತ ವಾಗ್ಮಿಗಳು. ರಾಜ್ಯೋತ್ಸವ ಇರುವುದು ತಿಂಗಳ ಮೊದಲ ದಿನ. ಆದರೆ ವಾಗ್ಮಿಗಳ ಬಿಡುವು ನೋಡಿ ದಿನಾಂಕ ಹಾಕುವ ಸಂಘಗಳು ಡಿಸೆಂಬರ್ ಹೊತ್ತಿಗೂ ನವೆಂಬರ್ ಆಚರಿಸುತ್ತಿರುತ್ತವೆ.

ಈ ಊರಿನಲ್ಲಿ ವಾಗ್ಮಿ ಎಂಬುದೊಂದು ಹುದ್ದೆ. ಯಾವುದೇ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಶಾಸಕರ ಹೆಸರಿನ ಕೆಳಗೆ ಅವರ ಕ್ಷೇತ್ರ, ವೈದ್ಯರ ಕೆಳಗೆ ಅವರ ಪದವಿ, ನಿವೃತ್ತ ಅಧಿಕಾರಿಯ ಕೆಳಗೆ ಅವರು ಬಿಟ್ಟರೂ ಅವರನ್ನು ಬಿಡದ ಕುರ್ಚಿ. ಇವು ಯಾವುವೂ ಇಲ್ಲದೆ ಒಬ್ಬರು ಉಳಿದುಬಿಟ್ಟರೆ ಅವರು ‘ಖ್ಯಾತ ವಾಗ್ಮಿಗಳು’. ನೇಮಕ ಮಾಡಿದವರು ಯಾರು, ಪರೀಕ್ಷೆ ನಡೆದದ್ದು ಎಲ್ಲಿ, ಮೀಸಲಾತಿ ಪಾಲನೆಯಾಗಿದೆಯೇ ಎಂದು ಯಾರೂ ಕೇಳಿದ್ದಿಲ್ಲ. ನಿವೃತ್ತಿಯ ವಯಸ್ಸಂತೂ ನಿಗದಿಯಾಗಿಲ್ಲ.

ಕೆಲಸದ ಸ್ವರೂಪ ಹೀಗಿದೆ. 1956ರ ನವೆಂಬರ್ 1ರಂದು ಕನ್ನಡದ ನಾಡುಗಳು ಒಂದಾದವು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ನನಗೆ ಒಂದು ವಾಕ್ಯ ಸಾಕಾಯಿತು, ಆದ್ದರಿಂದಲೇ ನನ್ನನ್ನು ಯಾರೂ ಕರೆಯುವುದಿಲ್ಲ. ವಾಗ್ಮಿಗಳಾದವರು ‘ಎರಡೇ ಮಾತು ಆಡುತ್ತೇನೆ’ ಎಂದು ಮೈಕನ್ನು ಎತ್ತರಿಸಿಕೊಳ್ಳುತ್ತಾರೆ. ಮೊದಲ ಮಾತಿನಲ್ಲಿ ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು ಒಬ್ಬರ ಹಿಂದೆ ಒಬ್ಬರು ಪಟ್ಟಕ್ಕೇರಿ ಇಳಿಯುತ್ತಾರೆ. ಎರಡನೆಯದರಲ್ಲಿ ವಿಜಯನಗರದ ಬೀದಿಯಲ್ಲಿ ಮುತ್ತುರತ್ನಗಳನ್ನು ಸೇರಿನಿಂದ ಅಳೆಯುವ ಕೆಲಸ ಶುರುವಾಗುತ್ತದೆ, ಒಂದೂ ಉದುರಿ ಹೋಗದಂತೆ ನಿಧಾನವಾಗಿ. ಅಷ್ಟರಲ್ಲಿ ವೇದಿಕೆಯ ಪಕ್ಕ ನೃತ್ಯಕ್ಕೆ ಬಣ್ಣ ಹಚ್ಚಿಕೊಂಡು ಕುಳಿತ ಮಕ್ಕಳಲ್ಲಿ ಕಿತ್ತೂರು ಚೆನ್ನಮ್ಮ ತಾಯಿಯ ತೊಡೆಯ ಮೇಲೆ ಮಲಗಿರುತ್ತಾಳೆ. ಓಬವ್ವ ಒನಕೆಯನ್ನೇ ಅಪ್ಪಿಕೊಂಡು ಗೊರಕೆ ಹೊಡೆಯುತ್ತಿರುತ್ತಾಳೆ. ಹೈದರಾಲಿಯ ಸೈನ್ಯಕ್ಕೆ ಇಂಥ ಒಬ್ಬ ವಾಗ್ಮಿ ಸಿಕ್ಕಿದ್ದರೆ ಚಿತ್ರದುರ್ಗದ ಕಿಂಡಿಯಲ್ಲಿ ತೆವಳುವ ಕಷ್ಟವೇ ಇರುತ್ತಿರಲಿಲ್ಲ.

ನಿರೂಪಕಿ ಚೀಟಿ ಕಳುಹಿಸುತ್ತಾರೆ. ವಾಗ್ಮಿಗಳು ಅದನ್ನು ಓದಿ, ‘ಸಮಯದ ಅಭಾವವಿದೆ ಎಂದು ನೆನಪಿಸಿದ್ದಾರೆ’ ಎಂದು ಸಭೆಗೆ ತಿಳಿಸಿ, ಸಮಯ ಎಂದರೇನು ಎಂಬ ವಿಷಯಕ್ಕೆ ಹೊರಳುತ್ತಾರೆ. ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದು ಕೂರಿಸಲು ನೋಡುತ್ತಾರೆ. ಚಪ್ಪಾಳೆ ಕೇಳಿ ಯಾವ ವಾಗ್ಮಿಯಾದರೂ ಕುಳಿತದ್ದುಂಟೇ?

ಕಾನೂನು ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಎಷ್ಟು ಗಟ್ಟಿಯಾಗಿ ಹೇಳಿದರು ಎಂಬುದಕ್ಕೆ ಮಾಪಕವಿದೆ, ಏನು ಹೇಳಿದರು ಎಂಬುದಕ್ಕೆ ಇನ್ನೂ ಬಂದಿಲ್ಲ.

ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಈ ರೋಗ ಇಂಗ್ಲಿಷ್ ವೇಷದಲ್ಲಿದೆ. ಕೆಲಸ ಮುಗಿದಿದೆ ಎಂದು ಎರಡು ನಿಮಿಷದಲ್ಲಿ ಹೇಳಿ ಕೂರುವ ಹುಡುಗನಿಗೆ ಸಂವಹನ ಕೌಶಲ ಸಾಲದು ಎಂದು ತರಬೇತಿಗೆ ಕಳುಹಿಸುತ್ತಾರೆ. ಕೆಲಸ ಏಕೆ ಮುಗಿದಿಲ್ಲ ಎಂದು ಅರ್ಧ ಗಂಟೆ ಚಿತ್ರಪಟಗಳ ಸಮೇತ ವಿವರಿಸಲು ಕಲಿತು ಹಿಂದಿರುಗಿದ ಮೇಲೆ ಬಡ್ತಿ.

ಸರ್ಕಾರಿ ವಾಗ್ಮಿತೆಯ ಮುಂದೆ ಇವೆಲ್ಲ ಮಕ್ಕಳಾಟ. ಅದಕ್ಕೆ ವೇದಿಕೆ ಬೇಡ, ಶಾಲು ಬೇಡ; ಒಂದು ರಸ್ತೆಗುಂಡಿ ಇದ್ದರೆ ಸಾಕು. ಗುಂಡಿ ಮುಚ್ಚುವ ಕಾಮಗಾರಿ ‘ಸಮರೋಪಾದಿಯಲ್ಲಿ’ ಸಾಗುತ್ತದೆ, ಸಾಗುತ್ತಲೇ ಇರುತ್ತದೆ. ಕೋರಮಂಗಲದ ಈಜಿಪುರ ಮೇಲ್ಸೇತುವೆಯನ್ನೇ ನೋಡಿ: ಉದ್ದ ಸುಮಾರು ಎರಡೂವರೆ ಕಿಲೋಮೀಟರ್, ಕೆಲಸ ಆರಂಭವಾದದ್ದು 2017ರಲ್ಲಿ, ಮುಗಿಯಬೇಕಿದ್ದದ್ದು 2019ರಲ್ಲಿ. ನಿಜವಾದ ಸಮರಗಳ ಲೆಕ್ಕ ತೆಗೆದರೆ ಎರಡನೇ ಮಹಾಯುದ್ಧ ಆರು ವರ್ಷಕ್ಕೆ ಮುಗಿದುಹೋಗಿತ್ತು. ಇಲ್ಲಿ ಗಡುವುಗಳೇ ಒಂದರ ಹಿಂದೆ ಒಂದು ಹುತಾತ್ಮವಾದವು. ಆ ಕಂಬಗಳ ಕೆಳಗೆ ಸಿಕ್ಕಿಕೊಂಡ ಬೈಕ್ ಸವಾರನೂ ತನ್ನ ಅಭಿಪ್ರಾಯವನ್ನು ನಿರರ್ಗಳವಾಗಿ ಹೇಳುತ್ತಾನೆ, ಆದರೆ ಅದನ್ನು ಅಚ್ಚು ಹಾಕುವಂತಿಲ್ಲ.

ಹಾಗಾದರೆ ಬೆಂಗಳೂರಿನಲ್ಲಿ ಚುಟುಕಾಗಿ, ತೂಕವಾಗಿ ಮಾತನಾಡುವವರೇ ಇಲ್ಲವೇ? ಇದ್ದಾರೆ. ಅವರಿಗಾಗಿ ಪ್ರತ್ಯೇಕ ಜಾಗವನ್ನೇ ಗೊತ್ತುಮಾಡಲಾಗಿದೆ. ಹಿಂದೆ ಪುರಭವನದ ಮೆಟ್ಟಿಲುಗಳ ಮೇಲೆ ನಿಂತು ಸರ್ಕಾರವನ್ನು ಬೈಯಬಹುದಾಗಿತ್ತು, ಜೆ.ಸಿ. ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ನಾಲ್ಕು ಮಾತು ಕೇಳಿಸುತ್ತಿತ್ತು. 2021ರಲ್ಲಿ ಆದೇಶವೊಂದು ಬಂದು, ನಗರದ ಪ್ರತಿಭಟನೆಗಳೆಲ್ಲ ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತವಾದವು. ಸ್ವಾತಂತ್ರ್ಯ ಉದ್ಯಾನ ಎಂದರೆ ಹಳೆಯ ಸೆಂಟ್ರಲ್ ಜೈಲು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಅದೇ ಆವರಣ. ಹೊಗಳುವವರಿಗೆ ಊರೆಲ್ಲ ಶಾಮಿಯಾನ, ತೆಗಳುವವರಿಗೆ ಜೈಲಿನ ಅಂಗಳ. ವಾಹನ ಸಂಚಾರದ ಹಿತದೃಷ್ಟಿಯಿಂದ, ಎನ್ನುತ್ತಾರೆ. ರಾಜ್ಯೋತ್ಸವಕ್ಕೆಂದು ಅಡ್ಡರಸ್ತೆಗೆ ಅಡ್ಡಲಾಗಿ ವೇದಿಕೆ ಕಟ್ಟಿದಾಗ ವಾಹನಗಳು ಹೇಗೋ ಹಾರಿಹೋಗುತ್ತವೆ ಎಂದು ಕಾಣುತ್ತದೆ.

2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿಗೆ ಬಂದು ಕುಳಿತರು. ಹಳ್ಳಿಹಳ್ಳಿಯ ಬಸುರಿ ಬಾಣಂತಿಯರ ಲೆಕ್ಕ ಬಾಯಲ್ಲಿ ಇಟ್ಟುಕೊಂಡ ಹೆಂಗಸರು. ಅವರಿಗೆ ಕದಂಬರ ಹಂಗು ಬೇಕಿರಲಿಲ್ಲ. ತಿಂಗಳಿಗೆ 15,000 ರೂಪಾಯಿ ಗೌರವಧನ ಕೊಡಿ ಎಂದರು. ಕರ್ತೃ, ಕರ್ಮ, ಕ್ರಿಯಾಪದ, ಮೊತ್ತ ಎಲ್ಲವೂ ಇದ್ದ, ಒಂದು ಅಕ್ಷರ ಹೆಚ್ಚಿಲ್ಲದ ವಾಕ್ಯ. ಈಚೆಗೆ ಈ ನಗರದಲ್ಲಿ ನಾನು ಕೇಳಿದ ಅತ್ಯುತ್ತಮ ಭಾಷಣ ಅದೇ ಎಂದರೆ ವಾಗ್ಮಿಗಳು ಬೇಸರಪಟ್ಟುಕೊಳ್ಳಬಾರದು. ಕನಿಷ್ಠ 10,000ದ ಭರವಸೆ ಪಡೆದು ಅವರು ಊರಿಗೆ ಹೋದರು. ಆಗಸ್ಟ್‌ನಲ್ಲಿ ಭರವಸೆಯನ್ನು ನೆನಪಿಸಲು ಅದೇ ಅಂಗಳಕ್ಕೆ ಮತ್ತೆ ಬಂದರು. ಆಗಲೂ ಅವರ ಮಾತು ಚಿಕ್ಕದಾಗಿಯೇ ಇತ್ತು.

ಹೀಗಾಗಿ ಒಂದು ಅದಲುಬದಲು ಯೋಜನೆ ಹೊಳೆಯಿತು. ಒಂದು ನವೆಂಬರ್ ಮಟ್ಟಿಗೆ ಖ್ಯಾತ ವಾಗ್ಮಿಗಳನ್ನೆಲ್ಲ ಸ್ವಾತಂತ್ರ್ಯ ಉದ್ಯಾನಕ್ಕೆ ಕಳುಹಿಸೋಣ. ಅಲ್ಲಿ ಮುತ್ತುರತ್ನ ಅಳೆಯಲು ಬೇಕಾದಷ್ಟು ಜಾಗವಿದೆ, ಕೇಳಲು ಪೊಲೀಸರಿದ್ದಾರೆ. ಧರಣಿಗೆ ಬಂದ ಆ ಹೆಂಗಸರನ್ನು ಕರೆದು ಮೈಸೂರು ಪೇಟ ತೊಡಿಸಿ, ಬಡಾವಣೆಯ ಮೈಕಿನ ಮುಂದೆ ನಿಲ್ಲಿಸೋಣ.

ಸಲಹೆಯನ್ನು ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಸಜ್ಜನರು, ಪೂರ್ತಿ ಕೇಳಿಸಿಕೊಂಡರು.

‘ಒಳ್ಳೆಯ ಯೋಚನೆ ಸಾರ್, ಆದರೆ ಆ ಅಮ್ಮಂದಿರು ಐದೇ ನಿಮಿಷಕ್ಕೆ ಮುಗಿಸಿಬಿಡುತ್ತಾರೆ. ಶಾಸಕರು ಎಂದೂ ಎರಡು ಗಂಟೆ ತಡವಾಗಿ ಬರುವವರು. ಅಲ್ಲಿಯವರೆಗೆ ಜನರನ್ನು ಹಿಡಿದಿಡುವುದು ಯಾರು?’